ಹೂವಪ್ಪ ಮಾಸ್ತರರು ಬಿಟ್ಟುಕೊಟ್ಟ ಮಗ್ಗ

ಗಜೇಂದ್ರಗಡದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹೂವಪ್ಪ ಮಾಸ್ತರರು ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗ ಬಿಟ್ಟು ಓದಿದವರು. ಅವರ ಹೆಂಡತಿ ರೇಣುಕವ್ವ ಮಗ್ಗ ಬಿಡಲಿಲ್ಲ. ಪಡಸಾಲೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ಆಕೆ ಪಟ್ಟೇದ ಅಂಚಿನ ಸೀರೆ ನೇಯುತ್ತಿದ್ದಳು. ಒಳಗಿನ ಕೋಣೆಯಲ್ಲಿ ಅವರು ಓದುತ್ತಿದ್ದರು. ಲಾಳಿಯ ಸಪ್ಪಳ ನಡೆದಿರುವಷ್ಟು ಹೊತ್ತು ಅದು ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ನಿಂತಾಗ ಮಾತ್ರ ಪುಸ್ತಕದಿಂದ ತಲೆ ತಾನಾಗಿ ಮೇಲೇಳುತ್ತಿತ್ತು.

"ಎಳಿ ಹರೀತು. ನೀವ ಓದ್ರಿ," ಎಂದು ಆಕೆ ಹೊರಗಿನಿಂದ ಹೇಳುತ್ತಿದ್ದಳು.

ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡಹೆಂಡಿರ ಮಾತುಕತೆಯ ಬಹುಪಾಲು ಇಷ್ಟೇ ಎಂದರೆ ಉತ್ಪ್ರೇಕ್ಷೆಯಾಗದು.

ಕನ್ನಡ ನಾಡು ಒಂದಾಗಿ ಊರಿನ ರಾಜ್ಯ ಬದಲಾದ ಮರುವರ್ಷದ ಮಳೆಗಾಲದಲ್ಲಿ ರೇಣುಕವ್ವನಿಗೆ ವಿಷಮಜ್ವರ ಬಂತು. ರೋಣದಿಂದ ಬಂದ ಡಾಕ್ಟರರು ಎರಡನೆಯ ಸಲ ನಾಡಿ ಹಿಡಿದ ಮೇಲೆ ಔಷಧದ ಮಾತೆತ್ತಲಿಲ್ಲ. ಆಕೆ ತೀರಿಕೊಂಡಾಗ ಮಾಸ್ತರರು ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿದರು, ನೀರು ಕೊಟ್ಟರು, ರಜೆ ಮುಗಿದ ದಿನ ಕೋಟು ಹಾಕಿಕೊಂಡು ಸಾಲೆಗೆ ಹೋದರು. ಅವರು ಅಳದಿದ್ದುದನ್ನು ಓಣಿ ಮರೆಯಲಿಲ್ಲ. ದುಃಖವನ್ನು ಕಣ್ಣೀರಿನಿಂದ ಅಳೆಯುವುದು ಜ್ವರವನ್ನು ಬೆವರಿನಿಂದ ಅಳೆದಷ್ಟೇ ನೆಚ್ಚಿಕೊಳ್ಳಲಾಗದ ವಿಧಾನ. ಕಾಲು ಜೋಮು ಹಿಡಿದಾಗ ಕಾಲು ಇಲ್ಲವಾಗುವುದಿಲ್ಲ, ಅದರಿಂದ ಸುದ್ದಿ ಬರುವುದು ನಿಲ್ಲುತ್ತದೆ, ಅಷ್ಟೆ. ಮಾಸ್ತರರ ಸ್ಥಿತಿಯೂ ಹಾಗೆಯೇ ಇತ್ತೆಂದು ತೋರುತ್ತದೆ. ಊಟದಲ್ಲಿ ಉಪ್ಪಿಲ್ಲದಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಮನೆಯಲ್ಲಿ ಉಳಿದದ್ದು ಆಕೆಯ ಮಗ್ಗ. ಕಾಯಿಲೆ ಬೀಳುವ ಹಿಂದಿನ ದಿನ ರೇಣುಕವ್ವ ನೇಯ್ದು ಮುಗಿಸಿದ ಸೀರೆಯನ್ನು ಕತ್ತರಿಸಿ ತೆಗೆದು, ಹಾಸಿನ, ಅಂದರೆ ಉದ್ದದ ಎಳೆಗಳ, ತುದಿಗಳು ಬಾಚಣಿಗೆಯಂಥ ಹಣಿಗೆಯಿಂದ ಜಾರದಂತೆ ಅವನ್ನು ಜುಟ್ಟುಜುಟ್ಟಾಗಿ ಗಂಟು ಹಾಕಿದ್ದಳು. ಈ ತುದಿಗಳನ್ನು ನೇಕಾರರು ಎಂದೂ ತೆಗೆಯುವುದಿಲ್ಲ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನು ಹಳೆಯ ಒಂದೊಂದು ಎಳೆಗೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹೀಗೆ ಹಾಸಿನಿಂದ ಹಾಸಿಗೆ, ಅತ್ತೆಯಿಂದ ಸೊಸೆಗೆ ಮಗ್ಗ ಬರಿದಾಗದೆ ಸಾಗುತ್ತದೆ. ಎಳೆಯಲ್ಲಿ ನೇಯ್ದವರ ಜೀವ ನಿಂತಿರುತ್ತದೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಆದರೆ ಎಳೆ ತೆಗೆಯಬಾರದು ಎಂಬುದಕ್ಕೆ ಇದೆ: ಒಮ್ಮೆ ಬರಿದಾದ ಹಣಿಗೆಯನ್ನು ಮತ್ತೆ ತುಂಬುವುದು ಇಬ್ಬರ ಬೆನ್ನು ಮುರಿಯುವ ಕೆಲಸ.

ಪಕ್ಕದ ಮನೆಯ ಗುಡ್ಡವ್ವ ಮಾಸ್ತರರನ್ನು ಎತ್ತಿ ಆಡಿಸಿದ ವಿಧವೆ. ಆಕೆಯ ಮಗಳು ಶಂಕ್ರವ್ವ ಗಂಡನ ಮನೆ ಬಿಟ್ಟು ಬಂದವಳು. ನೇಯುವುದನ್ನು ರೇಣುಕವ್ವನಿಂದಲೇ ಕಲಿತಿದ್ದಳು. ಅವರ ಮನೆಯಲ್ಲಿ ಮಗ್ಗದ ಕುಣಿ ಇತ್ತು, ಮಗ್ಗ ಇರಲಿಲ್ಲ.

"ತಮ್ಮಾ, ಮಗ್ಗ ಸುಮ್ಮನ ನಿಂತೈತಿ," ಎಂದು ಗುಡ್ಡವ್ವ ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ಹೇಳಿದಳು. "ನಮ್ಮ ಶಂಕ್ರವ್ವ ಮಂದೀ ಮನ್ಯಾಗ ಕಂಡಿಕೀಗೆ ನೂಲ ಸುತ್ತಕೋತ ಕುಂತಾಳ. ಆಕೀಗಿ ಕೊಡಬಾರ್ದೇನ?"

"ನೋಡೋಣ ಅತ್ತಿ."

"ನೋಡಾಕೇನ, ಸಿನಿಮಾ ಐತೇನ ಅದು?"

ಕೊಡಬಾರದು ಎಂದೂ ಮಾಸ್ತರರಿಗೆ ಅನ್ನಿಸಿರಲಿಲ್ಲ, ಕೊಡಬೇಕು ಎಂದೂ ಅನ್ನಿಸಿರಲಿಲ್ಲ. ರೇಣುಕವ್ವನ ಕೈಗುರುತು ಆ ಮನೆಯಲ್ಲಿ ಉಳಿದದ್ದು ಅದೊಂದರಲ್ಲೇ, ಅದು ಹೋದರೆ ಇನ್ನೇನೂ ಇಲ್ಲ ಎಂಬುದು ಮಾತ್ರ ಅವರಿಗೆ ತಿಳಿದಿತ್ತು.

ಆ ವಾರ ತರಗತಿಯಲ್ಲಿ 'ಗಿವ್ ಅಪ್' ಬಂತು. ಇಂಗ್ಲಿಷಿನ ಇಂಥ ಜೋಡಿ ಕ್ರಿಯಾಪದಗಳನ್ನು ಕಲಿಸುವುದರಲ್ಲಿ ಮಾಸ್ತರರ ಹೆಸರು ನರಗುಂದದವರೆಗೂ ಹೋಗಿತ್ತು.

"'ಗಿವ್' ಅಂದ್ರ ಕೊಡು, 'ಅಪ್' ಅಂದ್ರ ಮ್ಯಾಲ. ಎರಡೂ ಕೂಡಿ 'ಬಿಡು' ಹ್ಯಾಂಗ ಆತು ಅಂತ ನನ್ನ ಕೇಳಬ್ಯಾಡ್ರಿ. ಇಂಗ್ಲೀಷರನ್ನ ಕೇಳೋಣಂದ್ರ ಅವರೂ ಬಿಟ್ಟ ಹೋದ್ರು." ಪ್ರತಿ ವರ್ಷದ ಚಟಾಕಿ, ಈ ವರ್ಷವೂ ಹೇಳಿದರು, ಹಾಜರಿ ಕೂಗುವ ಧ್ವನಿಯಲ್ಲಿ.

ಹಲಗೆಯ ಮೇಲೆ ಅರ್ಥಗಳು ಇಳಿದವು. ಚಟ ಬಿಡುವುದಾದರೆ 'ಸ್ಟಾಪ್'. ಶತ್ರುವಿಗೆ ಕೋಟೆ ಒಪ್ಪಿಸುವುದಾದರೆ 'ಸರೆಂಡರ್'. ಹಿಡಿದ ಕೆಲಸವನ್ನು ಅರ್ಧಕ್ಕೆ ಕೈಬಿಟ್ಟರೆ 'ಅಬ್ಯಾಂಡನ್'. ಸಂಸಾರ ತೊರೆದರೆ 'ರಿನೌನ್ಸ್'. ಮೋಟಾರಿನಲ್ಲಿ ನಿಂತ ಮುದುಕಿಗೆ ಕೂಡಲು ಜಾಗ ಬಿಟ್ಟುಕೊಟ್ಟರೂ ಅದೇ 'ಗಿವ್ ಅಪ್'.

"ಸರ್, ನಮ್ಮಪ್ಪ ಬೀಡಿ ಗಿವ್ ಅಪ್ ಮಾಡ್ಯಾನ್ರಿ," ಎಂದ ಜಕ್ಕಲಿಯ ಅಂದಾನಪ್ಪ. "ದಿನಾ ಮಾಡ್ತಾನ್ರಿ."

ತರಗತಿ ನಕ್ಕಿತು. ಮಾಸ್ತರರು ನಗು ನಿಲ್ಲುವವರೆಗೆ ಕಾದು, ಎಂದಿನಂತೆ ಕೊನೆಯ ಉದಾಹರಣೆ ಕೊಟ್ಟರು: ಡಾಕ್ಟರರು ರೋಗಿಯ ಆಸೆ ಬಿಟ್ಟರು. ಬರೆದ ಮೇಲೆ ಹಿಂದೆ ಸದ್ದಿಲ್ಲದ್ದು ಗಮನಕ್ಕೆ ಬಂತು.

ಮುಂದಿನ ಬೆಂಚಿನ ಫಕೀರವ್ವ ಮೌನವನ್ನು ದಾಟಿಸಲೆಂಬಂತೆ ಎದ್ದು ನಿಂತಳು. "ಸರ್, ಅರ್ಧಕ್ಕ ಕೈಬಿಡೂದಕ್ಕೂ ಜಾಗಾ ಬಿಟ್ಟುಕೊಡೂದಕ್ಕೂ ಫರಕ ಹ್ಯಾಂಗ ಗೊತ್ತ ಹಿಡೀಬೇಕ್ರಿ?"

"ಬಿಟ್ಟಿದ್ದನ್ನ ತಗೊಳ್ಳಾಕ ಎದುರಿಗೆ ಯಾರರೆ ನಿಂತಾರೇನು ನೋಡಬೇಕು," ಎಂದರು ಮಾಸ್ತರರು. ಹೇಳಿ ಹಲಗೆಯತ್ತ ತಿರುಗಿ, ಜಾಗ ಬಿಟ್ಟುಕೊಡುವ ಸಾಲಿನ ಕೆಳಗೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು.

ಅಂದು ಸಂಜೆ ಗುಡ್ಡವ್ವನಿಗೆ, "ಆಯ್ತವಾರ ಬಂದ ಮಗ್ಗ ಒಯ್ರಿ ಅತ್ತಿ," ಎಂದರು.

ತಪ್ಪು ಆದದ್ದು ಆಯ್ತವಾರ ಮುಂಜಾನೆ. ನೆರೆಯವರ ಪಾತ್ರೆ ಹಿಂತಿರುಗಿಸುವಾಗ ಬೆಳಗಿ ಕೊಡುವುದು ಆ ಓಣಿಯ ರೂಢಿ. ಕೊಡುವ ವಸ್ತು ಸ್ವಚ್ಛವಾಗಿರಬೇಕು ಎಂದು ಅವರ ಕೈಗೆ ಗೊತ್ತಿತ್ತು. ಮಗ್ಗದ ರೂಢಿ ಬೇರೆ ಎಂಬುದೂ ಗೊತ್ತಿದ್ದದ್ದೇ. ಆದರೆ ಅವರು ಬಾಲ್ಯದಲ್ಲೇ ಮಗ್ಗ ಬಿಟ್ಟವರು, ಮೇಲಾಗಿ ಆ ದಿನಗಳಲ್ಲಿ ಅವರ ಕೈ ಮನಸ್ಸನ್ನು ಕೇಳದೆ ಕೆಲಸ ಮಾಡುತ್ತಿತ್ತು. ಜುಟ್ಟುಗಳ ಗಂಟು ಕತ್ತರಿಸಿದರು. ಎಳೆಗಳನ್ನು ಹಣಿಗೆಯಿಂದ ಎಳೆದು ತೆಗೆದರು. ಹಣಿಗೆಯ ಧೂಳು ಒರೆಸಿದರು. ಮರಕ್ಕೆ ಎಣ್ಣೆ ಸವರಿ, ಕೈ ತೊಳೆದು ಕುಳಿತರು.

ಹೊಸಿಲು ದಾಟಿದ ಗುಡ್ಡವ್ವ ಅಲ್ಲೇ ನಿಂತಳು.

"ಅಯ್ಯ ಯಪ್ಪಾ! ಏನ ಮಾಡಿದ್ಯೋ ತಮ್ಮಾ?"

"ಸ್ವಚ್ಛ ಮಾಡೇನಿ ಅತ್ತಿ."

"ಸ್ವಚ್ಛ! ಹೆಣಾ ತೊಳದಾಂಗ ತೊಳದ ಇಟ್ಟೀಯಲ್ಲೋ! ಹೇಣ್ತಿ ಹೋದಾಗ ಹನಿ ಕಣ್ಣೀರ ಹಾಕಲಿಲ್ಲ, ಇವತ್ತ ಆಕೀ ಕೈಯಾನ ಎಳೀನೂ ಕಿತ್ತಿ. ಇಂಗ್ಲೀಷ ಸಾಲ್ಯಾಗ ಇದನ್ನ ಕಲಿಸ್ತಾರೇನ್ರಿ, ಮಾಸ್ತರ್ರ?"

ತಮ್ಮ ಎನ್ನುತ್ತಿದ್ದವಳು ಮಾಸ್ತರ ಎಂದದ್ದು ಅವರಿಗೆ ತಿಳಿಯಿತು. ತಿಳಿದದ್ದು ಎಲ್ಲಿಗೂ ಮುಟ್ಟಲಿಲ್ಲ. ಬರಿದಾದ ಹಣಿಗೆಯನ್ನು ನೋಡಿದರು. ಬಿಟ್ಟುಕೊಡಲೆಂದು ಕುಳಿತು ತಾವು ಮಾಡಿದ್ದು ಬರೀ ಕೈಬಿಟ್ಟದ್ದು ಎಂದು ಲೆಕ್ಕದ ಉತ್ತರದಂತೆ ಹೊಳೆಯಿತು.

ಶಂಕ್ರವ್ವ ಹೊಸ ಹಾಸಿನ ಸುರುಳಿ ಹೆಗಲ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಇರಲಿ ಬಿಡಬೇ ಯವ್ವಾ, ಬೈಬ್ಯಾಡ. ಹೊಸದಾಗಿ ತುಂಬಿದ್ರಾತು."

"ನೀ ಈ ಕಡೆ ಕುಂತ ತುಂಬತಿ, ಆ ಕಡೆ ಎಳಿ ಕೊಡವ್ರ ಯಾರ? ನನ್ನ ಕಣ್ಣ ಕಾಣಂಗಿಲ್ಲ."

"ನಾ ಕೊಡತೇನಿ," ಎಂದರು ಮಾಸ್ತರರು.

ಗುಡ್ಡವ್ವ ಅವರನ್ನು ಕೋಟಿನಿಂದ ಕಾಲಿನವರೆಗೆ ನೋಡಿದಳು. "ಕೋಟ ತಗದ ಕುಂಡ್ರು ಮತ್ತ."

ಮಗ್ಗ ಪಕ್ಕದ ಮನೆಗೆ ಹೋಯಿತು. ಕೆಲಸ ಆ ಆಯ್ತವಾರ ಮುಗಿಯಲಿಲ್ಲ. ಸಾಲೆ ಬಿಟ್ಟ ಮೇಲೆ ದಿನಾಲೂ ಮಾಸ್ತರರು ಹೋಗಿ ಹಣಿಗೆಯ ಹಿಂದೆ ಕುಳಿತರು. ಹಾಸಿನಿಂದ ಒಂದು ಎಳೆ ಬೇರ್ಪಡಿಸಿ ಮುಂದೆ ಹಿಡಿಯುವುದು, ಶಂಕ್ರವ್ವ ಸಂದಿಯಿಂದ ಕೊಕ್ಕೆ ತೂರಿಸಿ ಅದನ್ನು ಎಳೆದುಕೊಳ್ಳುವುದು, ಮತ್ತೊಂದು ಎಳೆ. ಸುಣ್ಣದ ಕಡ್ಡಿಯಿಂದ ಒಣಗಿದ ಬೆರಳುಗಳಿಗೆ ನೂಲು ಹತ್ತಿತೋ ಇಲ್ಲವೋ ತಿಳಿಯುತ್ತಿರಲಿಲ್ಲ; ಅವರು ಕಣ್ಣಿನಿಂದಲೇ ನೋಡಿಕೊಂಡು ಕೊಟ್ಟರು. ದುಃಖ ಈಗ ಬರಬಹುದೆಂದು ಒಂದೆರಡು ಸಲ ಕಾದರು. ಬರಲಿಲ್ಲ. ಮುಂದಿನ ಎಳೆ ಮಾತ್ರ ಬರುತ್ತಲೇ ಇತ್ತು.

"ಕಿತ್ತ ಎಳಿ ತಿಪ್ಪಿಗೆ ಚೆಲ್ಲೀಯೇನ?" ಎಂದು ಗುಡ್ಡವ್ವ ಕೇಳಿದಳು.

"ಇಲ್ಲ ಅತ್ತಿ. ಮೂಲ್ಯಾಗ ಅದಾವ."

ಆಕೆ ತಾನೇ ಹೋಗಿ ತಂದಳು. ತುಂಬಿ ಮುಗಿದ ಹೊಸ ಎಳೆಗಳನ್ನು ಶಂಕ್ರವ್ವ ಜುಟ್ಟುಜುಟ್ಟಾಗಿ ಹಿಡಿದಂತೆ, ಗುಡ್ಡವ್ವ ತಡಕಾಡುತ್ತ ರೇಣುಕವ್ವನ ಹಳೆಯ ಎಳೆಗಳಿಂದ ಒಂದೊಂದು ಜುಟ್ಟನ್ನೂ ಕಟ್ಟಿದಳು.

ನೇಯುವುದು ಆರಂಭವಾದ ಮುಂಜಾನೆ ಮಾಸ್ತರರು ಕೋಣೆಯಲ್ಲಿ ಓದುತ್ತಿದ್ದರು. ಪಡಸಾಲೆಯ ಕುಣಿಯ ಮೇಲೆ ಹಲಗೆ ಮುಚ್ಚಿತ್ತು. ಗೋಡೆಯಾಚೆ ಲಾಳಿ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ಅವರಿಗೆ ಕೇಳಿಸುವುದು ನಿಂತಿತು. ಪುಟ ತಿರುವಿದರು. ಇದ್ದಕ್ಕಿದ್ದಂತೆ ಅವರ ತಲೆ ಪುಸ್ತಕದಿಂದ ಮೇಲೆದ್ದಿತು. ಸಪ್ಪಳ ಇರಲಿಲ್ಲ.

ಅವರು ಪಡಸಾಲೆಯ ಕಡೆಗೆ ಕಿವಿಗೊಟ್ಟು ಕುಳಿತರು. ಯಾರೂ ಏನೂ ಹೇಳಲಿಲ್ಲ.

"ಎಳಿ ಹರದಿರಬೇಕು," ಎಂದು ಅವರೇ ಅಂದುಕೊಂಡರು, ಸ್ವಲ್ಪ ಗಟ್ಟಿಯಾಗಿ. ಗೋಡೆಯಾಚೆ ಲಾಳಿ ಮತ್ತೆ ಓಡಿತು. ಅವರು ಓದುತ್ತಿದ್ದ ಸಾಲು ಹುಡುಕಿದರು, ಸಿಗಲಿಲ್ಲ. ಪುಟದ ಮೊದಲಿನಿಂದ ಮತ್ತೆ ಓದತೊಡಗಿದರು.