ಗಂಟೆ ಹೊಡೆಯುವವರೆಗೆ ಒಪ್ಪಿಕೊಳ್ಳಬಾರದು

ಅವಳ ಬಲಗೈ ಹೆಬ್ಬೆರಳಿನ ಅಚ್ಚಿನಲ್ಲಿ ನಡುವಿನ ಸುರುಳಿಗೆ ಅಡ್ಡಲಾಗಿ ಒಂದು ಬಿಳಿ ಗೀರು ಇತ್ತು, ಎಡಕ್ಕೆ ತುಸು ಇಳಿಜಾರಾಗಿ. ಜೋಳ ಕೊಯ್ಯುವಾಗ ಕುಡಗೋಲು ತಾಗಿ ಆದ ಗಾಯ. ಗಾಯ ಮಾಯ್ದಿದ್ದರೂ ಅಲ್ಲಿ ಗೆರೆಗಳು ಮತ್ತೆ ಹುಟ್ಟಿರಲಿಲ್ಲ. ಶಾಯಿ ಹಚ್ಚಿ ಕಾಗದಕ್ಕೆ ಒತ್ತಿದರೆ ಆ ಗೀರು ಖಾಲಿ ಉಳಿಯುತ್ತಿತ್ತು. ಗಾಜಿನ ಮೇಲೆ ಕರಿಪುಡಿ ಉದುರಿಸಿ ಬ್ರಶ್ ಆಡಿಸಿದರೂ ಅಷ್ಟೇ. ಭೂತಗನ್ನಡಿ ಹಿಡಿಯದೆ ಗುರುತಿಸಬಹುದಾದ ಬೆರಳಚ್ಚು ನಮ್ಮ ತರಗತಿಯಲ್ಲಿ ಅದೊಂದೇ.

ನಾವು ಹತ್ತೊಂಬತ್ತು ಮಂದಿ, ತಾಲ್ಲೂಕಿನ ಡಿಗ್ರಿ ಕಾಲೇಜೊಂದರಲ್ಲಿ ಬಿ.ಎ.ಗೆ ಅಪರಾಧಶಾಸ್ತ್ರ ತೆಗೆದುಕೊಂಡವರು. ಹುಡುಗರಿಗೆ ಪೊಲೀಸ್ ಪೇದೆಯ ಪರೀಕ್ಷೆಯ ಆಸೆ. ಹುಡುಗಿಯರಲ್ಲಿ ಹೆಚ್ಚಿನವರು ಇತಿಹಾಸದ ಜೊತೆ ಬೇರೇನೂ ಸಿಗದೆ ಬಂದವರು. ಅವಳು ಮಾತ್ರ ಅದೇ ಬೇಕೆಂದು ಬಂದಿದ್ದಳು. ಪಿಎಸ್‌ಐ ಆಗುತ್ತೇನೆ ಎಂದು ಮೊದಲ ದಿನವೇ ಹೇಳಿದ್ದಳು, ಯಾರೂ ಕೇಳದಿದ್ದರೂ.

ಕಾಲೇಜಿನವರು ಈಚೆಗೆ ಸ್ಮರಣ ಸಂಚಿಕೆಗಾಗಿ ವಿದ್ಯಾರ್ಥಿ ಜೀವನದ ಸವಿನೆನಪು ಬರೆದುಕೊಡಿ ಎಂದು ಕೇಳಿದರು. ಸವಿ ಇರಲಿಲ್ಲ ಎನ್ನಲಾರೆ. ಮಳೆ ಬಿದ್ದ ಮರುದಿನ ಎರೆ ಹೊಲಕ್ಕೆ ಹೋಗಿ ಚಪ್ಪಲಿ ಗುರುತಿಗೆ ಪ್ಲಾಸ್ಟರ್ ಸುರಿಯುತ್ತಿದ್ದೆವು. ಅಂಟು ಮಣ್ಣು ಪ್ಲಾಸ್ಟರನ್ನು ಬಿಡುತ್ತಿರಲಿಲ್ಲ, ನಮ್ಮ ಚಪ್ಪಲಿಗಳನ್ನಂತೂ ಬಿಡುತ್ತಲೇ ಇರಲಿಲ್ಲ. ವಿಭಾಗದ ಕರಿಪುಡಿ ತೀರಿದಾಗ ಇದ್ದಿಲು ಕುಟ್ಟಿ, ಸೀರೆಯ ತುಂಡಿನಲ್ಲಿ ಜರಡಿ ಹಿಡಿದು ನಾವೇ ಮಾಡಿಕೊಂಡೆವು. ದಿನವಿಡೀ ಸೀನುತ್ತಿದ್ದೆವು. ವರಾಂಡದಲ್ಲಿ ಸೀಮೆಸುಣ್ಣದಿಂದ ಹೆಣದ ಆಕಾರ ಬರೆಯಲು ಯಾರನ್ನಾದರೂ ಮಲಗಿಸಬೇಕಾದರೆ ಎಲ್ಲರೂ ನಾನು ನಾನು ಎನ್ನುತ್ತಿದ್ದರು. ಆಮೇಲೆ ಮಿರ್ಚಿ, ಚುರುಮುರಿ. ಬರೆಯಲು ಕುಳಿತಾಗ ಇಷ್ಟು ಸಲೀಸಾಗಿ ಬಂತು. ಮುಂದೆ ಬಂದದ್ದು ಕೇಸಿನ ದಿನ. ಅದನ್ನು ಸಂಚಿಕೆಗೆ ಕೊಡಲಾಗಲಿಲ್ಲ.

ಕೇಸಿನ ದಿನ ನಮ್ಮ ವಿಭಾಗದ ಹಬ್ಬ. ಹಿಂದಿನ ದಿನ ಕೊನೆಯ ವರ್ಷದವರೆಲ್ಲ ಚೀಟಿ ಎತ್ತುತ್ತಾರೆ. ಒಂದರಲ್ಲಿ ಮಾತ್ರ ಗುಣಾಕಾರದ ಗುರುತು, ಉಳಿದವೆಲ್ಲ ಖಾಲಿ. ಗುರುತು ಬಂದವರು ಯಾರಿಗೂ ಹೇಳದೆ ವಿಭಾಗದ ಒಂದು ವಸ್ತು ಕದ್ದು ಕಾಲೇಜಿನೊಳಗೇ ಬಚ್ಚಿಡಬೇಕು. ಮರುದಿನ ಬೆಳಗ್ಗೆ ಹನ್ನೊಂದಕ್ಕೆ ತನಿಖೆ ಶುರು. ಸಂಜೆ ನಾಲ್ಕಕ್ಕೆ ನಮಗೆ ಪಾಠ ಹೇಳುವ ಸರ್ ಗಂಟೆ ಹೊಡೆಯುತ್ತಾರೆ. ನಿಯಮ ಒಂದೇ: ಸಾಕ್ಷ್ಯ ಎಷ್ಟೇ ಸಿಗಲಿ, ಗಂಟೆ ಹೊಡೆಯುವವರೆಗೆ ಕಳ್ಳ ಒಪ್ಪಿಕೊಳ್ಳಬಾರದು. ನಾಲ್ಕರವರೆಗೆ ಸಿಕ್ಕಿಬೀಳದವರ ಹೆಸರನ್ನು ವಿಭಾಗದ ಗೋಡೆಯ ಹಲಗೆಯ ಮೇಲೆ ಬರೆಸುತ್ತಾರೆ. ಆ ಹಲಗೆ ನಾನು ಸೇರಿದಾಗಲೂ ಖಾಲಿ ಇತ್ತು. ಮೂರು ವರ್ಷ ಅದರ ಎದುರಿಗೇ ಕುಳಿತಿದ್ದೆ.

ಗುರುತಿದ್ದ ಚೀಟಿ ನನಗೆ ಬಂತು.

ಅವಳ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಬೆಣ್ಣಿಹಳ್ಳದ ಆಚೆಯ ಹಳ್ಳಿಯವಳು. ಅಪ್ಪ ಇರಲಿಲ್ಲ, ಮನೆಯಲ್ಲಿ ಅಣ್ಣನ ಮಾತೇ ಕೊನೆ. ಅಣ್ಣ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಕಾಲೇಜಿಗೆ ಕಳಿಸುವಾಗ ಒಂದೇ ಷರತ್ತು ಹಾಕಿದ್ದ: "ಊರಾಗ ನಿನ್ನ ಬಗ್ಗೆ ಒಂದು ಮಾತು ಬಂತಂದ್ರ, ಅವತ್ತಿಗೆ ಕಾಲೇಜು ಬಂದ್." ಇದನ್ನು ಅವಳೇ ನನಗೆ ಹೇಳಿದ್ದಳು, ನಗುತ್ತಾ. ಹುಡುಗಿಯರ ಸಾಲಿನಲ್ಲಿ ಒಂದೇ ಬೆಂಚಿನವರು ನಾವು. ಅವಳ ಊರಿನ ಬಸ್ಸು ಏಳೂವರೆಗೆ ಬರುತ್ತಿತ್ತು, ಅದು ಬಿಟ್ಟರೆ ಹನ್ನೊಂದಕ್ಕೆ. ಪಾಠ ಶುರುವಾಗುವುದು ಒಂಬತ್ತಕ್ಕೆ. ಆ ನಡುವಿನ ಹೊತ್ತಿನಲ್ಲಿ ಅವಳು ಲ್ಯಾಬಿನ ಕಸ ಹೊಡೆದು, ಕಪಾಟಿನ ಗಾಜು ಒರೆಸಿ, ಓದಿಕೊಳ್ಳುತ್ತಿದ್ದಳು. ನನ್ನ ಮನೆ ಹತ್ತಿರವೇ ಇದ್ದುದರಿಂದ ಎಷ್ಟೋ ದಿನ ನಾನೇ ಬಸ್‌ಸ್ಟ್ಯಾಂಡಿಗೆ ಹೋಗಿ ಅವಳ ಜೊತೆ ನಡೆದು ಬರುತ್ತಿದ್ದೆ.

ಕದಿಯಲು ನಾನು ಆರಿಸಿದ್ದು ಭೂತಗನ್ನಡಿ, ಹಿತ್ತಾಳೆ ಹಿಡಿಕೆಯದು. ಕೇಸಿನ ದಿನಕ್ಕೆಂದು ಹಿಂದಿನ ದಿನ ಮಧ್ಯಾಹ್ನ ಅವಳೇ ಅದನ್ನು ಬೂದಿ ಹಚ್ಚಿ ತಿಕ್ಕಿ ಕಪಾಟಿನಲ್ಲಿಟ್ಟಿದ್ದಳು. ಎಲ್ಲರೂ ಹೋದ ಮೇಲೆ ನಾನು ಕಪಾಟಿನ ಬಾಗಿಲನ್ನು ಉಗುರಿನಿಂದ ಎಳೆದು, ಅದನ್ನು ಬಿಳಿ ಕರ್ಚೀಫಿನಲ್ಲಿ ಸುತ್ತಿ ತೆಗೆದೆ. ಹೆಜ್ಜೆಗುರುತು ಕಲಿಯಲು ಮಣ್ಣು ತುಂಬಿ ಇಟ್ಟಿದ್ದ ದೊಡ್ಡ ತಟ್ಟೆಯಲ್ಲಿ, ಕರ್ಚೀಫು ಬಿಚ್ಚಿಕೊಂಡು, ಅದನ್ನು ಹೂತು, ಮೇಲೆ ಮಣ್ಣು ಸಮ ಮಾಡಿದೆ.

ಮರುದಿನ ಬೆರಳಚ್ಚಿನ ಕೆಲಸ ನನಗೇ ಬಂತು, ಯಾವತ್ತೂ ಬರುವಂತೆ. ನನ್ನ ಕೈ ನಡುಗುವುದಿಲ್ಲ ಎಂದು ಸರ್ ಹೇಳುತ್ತಿದ್ದರು. ಕಪಾಟಿನ ಗಾಜಿಗೆ ಪುಡಿ ಹಾರಿಸಿದೆ. ಗೀರಿನ ಹೆಬ್ಬಟ್ಟು ಮೂಡಿತು, ಒಂದಲ್ಲ, ನಾಲ್ಕು ಕಡೆ. ದಿನಾ ಒರೆಸುವವರ ಬೆರಳು ಅಲ್ಲಿ ಇರದೆ ಇನ್ನೇನು? ಅಂಥವರ ಅಚ್ಚುಗಳನ್ನು ಮೊದಲು ತೆಗೆದುಹಾಕಿ, ಉಳಿದದ್ದನ್ನು ನೋಡಬೇಕು ಎನ್ನುವುದು ಬೆರಳಚ್ಚಿನ ಮೊದಲ ಪಾಠ. ಆ ಪ್ರಶ್ನೆಗೆ ಪರೀಕ್ಷೆಯಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು.

ತನಿಖಾಧಿಕಾರಿಯಾಗಿದ್ದವನು ದಿನಾ ಬೆಳಗ್ಗೆ ಮೈದಾನದಲ್ಲಿ ಓಡುತ್ತಿದ್ದ ಹುಡುಗ. ಅಂದು ಎಲ್ಲಿಂದಲೋ ಖಾಕಿ ಪ್ಯಾಂಟು ತಂದು ಹಾಕಿಕೊಂಡಿದ್ದ. ಲ್ಯಾಬಿನ ನಡುವೆ ಕುರ್ಚಿ ಇಟ್ಟು ನನ್ನ ಕಡೆ ತಿರುಗಿದ.

"ತಜ್ಞರು ಹೇಳ್ರಿ. ಯಾರ ಬೆರಳು?"

"ಆಕೀದು," ಎಂದೆ. "ಗಾಯದ ಗೆರಿ ಸಮೇತ ಕೂಡತೈತಿ."

ಸುಳ್ಳಲ್ಲ ಅದು.

"ಏಯ್, ಬಾರವಾ ತಂಗಿ, ಕುಂದ್ರು. ಭೂತಗನ್ನಡಿ ಎಲ್ಲೈತಿ?"

ಅವಳು ನಗುತ್ತಲೇ ಬಂದು ಕುಳಿತಳು. "ನಂಗೊತ್ತಿಲ್ರಿ ಸಾಹೇಬ್ರ. ಕಪಾಟು ದಿನಾ ಒರಸಾಕಿ ನಾನ. ನನ್ನ ಬೆರಳಲ್ದ ನಿಮ್ಮ ಅಜ್ಜಂದು ಬರ್ತೈತೇನ್ರಿ?"

ಎಲ್ಲರೂ ನಕ್ಕರು. ಅವನಿಗೆ ಅದು ಹಿಡಿಸಲಿಲ್ಲ.

"ಒರಸೂ ನೆವಾ ಮಾಡಿ ಎಗರಿಸೀದಿ. ಒಪ್ಕೋ."

"ನನ್ನ ಚೀಟಿ ಖಾಲಿ ಇತ್ತಲೇ. ನೋಡಿಲ್ಲೆ." ಅವಳು ಚೀಟಿ ಬಿಚ್ಚಿ ತೋರಿಸಿದಳು.

"ಖಾಲಿ ಕಾಗದ ನನ್ನ ಕಿಸೇದಾಗೂ ಅದಾವ. ಬೇಕೇನು ಇನ್ನೊಂದು?"

ಹೊರಗಿನವರಿಗೆ ಇದು ಅರ್ಥವಾಗಬೇಕು. ನಮ್ಮ ಆಟದಲ್ಲಿ ಕಳ್ಳ ಒಪ್ಪಿಕೊಳ್ಳುವಂತಿಲ್ಲ, ಅಲ್ಲಗಳೆಯಲೇಬೇಕು. ಹಾಗಾಗಿ ಅವಳು ಅಲ್ಲ ಎಂದಷ್ಟೂ ಹೌದು ಎಂದಂತಾಯಿತು. ಕುರ್ಚಿಯಿಂದ ಏಳಲು ಅವಳಿಗಿದ್ದ ದಾರಿ ಒಂದೇ: ಬೇರೆ ಯಾರಾದರೂ "ನಾನು" ಎನ್ನಬೇಕಿತ್ತು.

ಆಟ ನೋಡಲು ಬಂದಿದ್ದ ಎರಡನೇ ವರ್ಷದವರು ಸೀಮೆಸುಣ್ಣದಿಂದ ಪಾಟಿಯ ಮೇಲೆ "ಆರೋಪಿ" ಎಂದು ಬರೆದು ರಿಬ್ಬನ್ ಕಟ್ಟಿ ಅವಳ ಕೊರಳಿಗೆ ಹಾಕಿದರು. ಮುಂದಿನಿಂದ ಒಂದು ಫೋಟೋ, ಪಕ್ಕದಿಂದ ಒಂದು. ಪಠ್ಯದಲ್ಲಿದ್ದಂತೆಯೇ. ಅಲ್ಲಿಯವರೆಗೂ ಅವಳ ಮುಖದಲ್ಲಿ ನಗು ಉಳಿದಿತ್ತು. ಗೋಡೆಯ ಗಡಿಯಾರದಲ್ಲಿ ಒಂದು ಇಪ್ಪತ್ತು ಆಗಿದ್ದಾಗ ಅವನು ಕುರ್ಚಿಯ ಹಿಂದೆ ನಿಂತು ಕೇಳಿದ:

"ಏಳೂವರೀಕ್ ಬರ್ತಿ. ಕ್ಲಾಸ್ ಒಂಬತ್ತಕ್ಕ. ನಡುವ ಏನ್ ಮಾಡ್ತಿ?"

"ನಮ್ಮೂರ ಬಸ್ಸು ಆವಾಗ ಬರ್ತೈತಿ."

"ಬಸ್ಸಿಂದು ಕೇಳಿಲ್ಲ ನಾ. ಇಲ್ಲೆ ಒಬ್ಬಾಕಿನ ಇರ್ತೀಯೋ, ಜೋಡಿ ಯಾರರ ಇರ್ತಾರೋ?"

ಎರಡನೇ ವರ್ಷದವರು ಹೋ ಎಂದರು. ಹಿಂದಿನಿಂದ ಒಬ್ಬಳು ಕೂಗಿದಳು, "ಹೆಸರು ಹೇಳಿಬಿಡ ಬೇ, ನಮಗೂ ಗೊತ್ತಾಗ್ಲಿ!"

ಅವಳ ನಗು ನಿಂತಿತು. "ಆ ಮಾತು ಬ್ಯಾಡಲೇ. ಆಟದಾಗ ಅದು ಬ್ಯಾಡ."

"ಯಾಕ, ಬೆವರಾಕತ್ತೀ? ನೋಡ್ರಿ, ನೋಡ್ರಿ, ಆರೋಪಿ ಬೆವರಾಕತ್ತಾಳ. ಭೂತಗನ್ನಡಿ ಅವನ ಕೈಯಾಗ ಕೊಟ್ಟೀಯೇನು? ಎಷ್ಟು ದಿನದಿಂದ ನಡದೈತಿ ಇದು?"

ಮೊಬೈಲುಗಳು ಮೇಲೆದ್ದವು. ಸರ್ ಹಿಂದಿನ ಸಾಲಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕುಳಿತಿದ್ದರು. ತಲೆ ಎತ್ತಿ, "ಠಾಣೇದಾಗ ಇದಕ್ಕಿಂತ ಹೆಚ್ಚಿರ್ತೈತಿ. ರೂಢಿ ಆಗ್ಲಿ," ಎಂದು ಮತ್ತೆ ತಿದ್ದತೊಡಗಿದರು.

ಅವಳು ನನ್ನ ಕಡೆ ನೋಡಿದಳು. ನನ್ನ ಮುಖದ ಕಡೆ ಅಲ್ಲ, ನನ್ನ ಕೈಯಲ್ಲಿದ್ದ ಕರ್ಚೀಫಿನ ಕಡೆ. ಪುಡಿ ಮೂಗಿಗೆ ಹೋಗದಂತೆ ಅದನ್ನು ಹಿಡಿದುಕೊಂಡಿದ್ದೆ. ನಾನು ಅದನ್ನು ಮಡಚಿ ಚೀಲಕ್ಕೆ ಹಾಕಿದೆ. ಆಮೇಲೆ ಹಲಗೆಯನ್ನು ನೋಡಿದೆ, ಗಡಿಯಾರವನ್ನು ನೋಡಿದೆ. ಇನ್ನೂ ಎರಡು ಗಂಟೆ ನಲವತ್ತು ನಿಮಿಷ.

ಅಷ್ಟೂ ಹೊತ್ತು ಅವಳು ಕುರ್ಚಿಯಲ್ಲಿದ್ದಳು. ಎರಡು ಗಂಟೆಯ ಸುಮಾರಿಗೆ ನಾನು ನನ್ನ ಮೊಬೈಲು ನೋಡಿದೆ. ಎರಡನೇ ವರ್ಷದ ಹುಡುಗನೊಬ್ಬ ಆ ಪ್ರಶ್ನೆಯ ವಿಡಿಯೋವನ್ನು ಸ್ಟೇಟಸ್ಸಿಗೆ ಹಾಕಿದ್ದ. ಕೊರಳಲ್ಲಿ ಪಾಟಿ, "ಜೋಡಿ ಯಾರರ ಇರ್ತಾರೋ" ಎಂಬ ದನಿ, ನಗೆ. ಅವನು ಅವಳ ಊರಿನವನು. ಅವಳ ಬಳಿ ಇದ್ದದ್ದು ಬಟನ್ ಫೋನು, ಅವಳಿಗೆ ಅದು ಕಾಣುವಂತಿರಲಿಲ್ಲ. ನಾನು ಮೊಬೈಲನ್ನು ಬೋರಲಾಗಿಟ್ಟೆ.

ಗಂಟೆ ಹೊಡೆಯಿತು. ನಾನು ಎದ್ದು ಹೋಗಿ, ಅವಳ ಕುರ್ಚಿಯಿಂದ ಮೂರು ಹೆಜ್ಜೆ ದೂರದಲ್ಲಿದ್ದ ಮಣ್ಣಿನ ತಟ್ಟೆಯೊಳಗೆ ಕೈ ಹಾಕಿ ಭೂತಗನ್ನಡಿ ತೆಗೆದೆ. ಚೀಟಿ ತೋರಿಸಿದೆ. ಲ್ಯಾಬಿನ ಸೂರು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಖಾಕಿ ಪ್ಯಾಂಟಿನವನು ಕೈ ಮುಗಿದು, "ಅಗದಿ ಕಲ್ಲಿನಂಗ ಅದೀ ನೀನು," ಎಂದ. ಸರ್ ಎದ್ದು ಬಂದು, "ಇಂಥಾ ಅಪರಾಧಿ ನಮ್ಮ ವಿಭಾಗಕ್ಕ ಇದ ಮೊದಲು," ಎಂದರು. ನನಗೆ ಸಂತೋಷವಾಯಿತು. ಆಗಲಿಲ್ಲ ಎಂದು ಈಗ ಬರೆಯುವುದು ಸುಲಭ.

ನನ್ನ ಚೀಟಿಯ ಭಾಗವನ್ನು ಯಾರೂ ಸ್ಟೇಟಸ್ಸಿಗೆ ಹಾಕಲಿಲ್ಲ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ.

ಅವಳು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ನಾನು ಬಾಜು ಹೋಗಿ ನಿಂತೆ.

"ನಿನ್ನ ಕರ್ಚೀಫಿಗೆ ಬೂದಿ ಹತ್ತಿತ್ತು," ಎಂದಳು. "ಹಿತ್ತಾಳಿ ತಿಕ್ಕಿದ ಬೂದಿ. ನೋಡಿದ ಕೂಡ್ಲೆ ಗೊತ್ತಾತು ನಂಗ."

"ಹೇಳ್ಬೇಕಿತ್ತಲ್ಲ ಮತ್ತ?"

"ನೀನ ಹೇಳ್ತಿ ಅಂತ ಕಾದೆ."

ಚೂಡಿದಾರದ ವೇಲಿನಿಂದ ಮುಖ ಒರೆಸಿಕೊಂಡಳು. ಪಾಟಿಯ ರಿಬ್ಬನ್ ಉಜ್ಜಿ ಕುತ್ತಿಗೆಯಲ್ಲಿ ಕೆಂಪು ಗೆರೆ ಎದ್ದಿತ್ತು.

"ಅಣ್ಣನ ಕಿವೀಗೆ ಬೀಳದಿದ್ರ ಸಾಕು," ಎಂದಳು.

"ಎಲ್ಲಿ ಬೀಳ್ತೈತಿ, ಬಿಡು," ಎಂದೆ. ಎರಡು ತಾಸಿನಿಂದ ಅದು ಅವಳ ಊರಿನಲ್ಲಿ ಓಡಾಡುತ್ತಿತ್ತು.

ಅವಳು ಐದರ ಬಸ್ಸಿಗೆ ಹೋದಳು. ನಾನು ಮಿರ್ಚಿ ತಿಂದೆ, ಎಲ್ಲರ ಜೊತೆ ಫೋಟೋ ತೆಗೆಸಿಕೊಂಡೆ.

ಮರುದಿನ ಬೆಳಗ್ಗೆ ಏಳೂವರೆಗೆ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಅವಳ ಊರಿನ ಕಡೆಯಿಂದ ಬರುವ ಆ ಬಸ್ಸಿನಿಂದ ಹಾಲಿನ ಕ್ಯಾನುಗಳು ಇಳಿದವು, ಶಾಲೆಯ ಮಕ್ಕಳು ಇಳಿದರು. ಅವಳು ಇಳಿಯಲಿಲ್ಲ. ನನ್ನನ್ನು ಅವಳ ಜೊತೆ ದಿನಾ ನೋಡುತ್ತಿದ್ದ ಕಂಡಕ್ಟರ್ ಒಂದು ಬಟ್ಟೆಯ ಕೈಚೀಲ ಚಾಚಿದರು.

"ನಿಮ್ಮ ಗೆಳತಿ ಅಣ್ಣ ಕೊಟ್ಟಾನವಾ. ಲೈಬ್ರರಿ ಬುಕ್ಕಂತ, ವಾಪಸ್ ಕೊಡಬೇಕಂತ. ಆಕಿ ಇನ್ನ ಬರೂದಿಲ್ಲಂತ. ಏನಾತು?"

ನಾನು ಚೀಲ ಇಸಿದುಕೊಂಡೆ. ಒಳಗೆ ನಾಲ್ಕು ಪುಸ್ತಕ, ಅವಳ ಐಡಿ ಕಾರ್ಡು.

"ಹತ್ತು ನಿಮಿಷಕ್ಕ ಗಾಡಿ ತಿರುಗಿ ಹೊಂಟೈತಿ," ಎಂದರು ಅವರು. "ಅವರ ಮನಿ ಸ್ಟಾಪಿನ ಮುಂದನ ಐತಿ. ಬರ್ತೀಯೇನು?"

ಗುಣಾಕಾರದ ಗುರುತಿದ್ದ ಆ ಚೀಟಿ ನನ್ನ ಪರ್ಸಿನಲ್ಲೇ ಇತ್ತು, ನೆನಪಿಗೆಂದು ಇಟ್ಟುಕೊಂಡಿದ್ದೆ. ಅದನ್ನು ಅವಳ ಅಣ್ಣನ ಮುಂದೆ ಹಿಡಿದು ಎರಡು ವಾಕ್ಯ ಹೇಳಿದ್ದರೆ ಅವನು ಕೇಳುತ್ತಿದ್ದನೋ ಇಲ್ಲವೋ, ನನಗೆ ತಿಳಿಯದು.

"ಇಲ್ರಿ," ಎಂದೆ. "ಕ್ಲಾಸ್ ಐತಿ."

ಪಾಠಕ್ಕೆ ಇನ್ನೂ ಒಂದು ತಾಸಿನ ಮೇಲಿತ್ತು. ಬಸ್ಸು ತಿರುಗಿ ಹೋಗುವುದನ್ನು ನೋಡಿ ಕಾಲೇಜಿಗೆ ನಡೆದೆ. ಲ್ಯಾಬಿನಲ್ಲಿ ಕಸ ಹಾಗೇ ಬಿದ್ದಿತ್ತು, ಚುರುಮುರಿ ಕಾಗದ, ರಿಬ್ಬನ್ ತುಂಡು. ಗುಡಿಸಿದೆ. ಕಪಾಟಿನ ಗಾಜಿನ ಮೇಲೆ ಅವಳ ಹೆಬ್ಬಟ್ಟು ಕರಿಪುಡಿಯಲ್ಲಿ ಹಾಗೇ ಇತ್ತು, ನಾಲ್ಕು ಕಡೆ. ಒಣ ಬಟ್ಟೆಗೆ ಅದು ಹೋಗಲಿಲ್ಲ. ಬಟ್ಟೆ ಹಸಿ ಮಾಡಿಕೊಂಡು ಬಂದು ನಾಲ್ಕನ್ನೂ ಒರೆಸಿದೆ. ಎಂಟೂವರೆಗೆ ಗ್ರಂಥಾಲಯ ತೆರೆದರು. ಪುಸ್ತಕಗಳನ್ನು ಮೇಜಿನ ಮೇಲಿಟ್ಟು, ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ನಾನೇ ಸಹಿ ಮಾಡಿದೆ.