ಅಧ್ಯಕ್ಷರ ಹೆಸರಿನ ಪಾಸ್‌ವರ್ಡ್

ಭದ್ರಾವತಿಯ ಸಹಕಾರ ಸಂಘವೊಂದರ ಕಂಪ್ಯೂಟರ್‌ನಿಂದ ಸದಸ್ಯರ ಮನೆಮಂದಿಯ ವಿವರಗಳೆಲ್ಲ ಮದುವೆ ದಲ್ಲಾಳಿಯೊಬ್ಬನ ಕೈಸೇರಿದ್ದವು. ಹೆಣ್ಣುಮಕ್ಕಳಿದ್ದ ಮನೆಗಳಲ್ಲಿ ಫೋನಿಗೆ ಬಿಡುವೇ ಇರಲಿಲ್ಲ. ಕಾರಣ ಹುಡುಕಲು ಕಂಪ್ಯೂಟರ್ ಕೆಲಸ ಬಲ್ಲ ನನ್ನನ್ನು ಶಿವಮೊಗ್ಗದಿಂದ ಕರೆಸಿದರು. ಹುಡುಕುವುದೇನಿತ್ತು? ಪಾಸ್‌ವರ್ಡ್ ಅಧ್ಯಕ್ಷರ ಹೆಸರೇ ಆಗಿತ್ತು. ಯಾರು ಬೇಕಾದರೂ ಎಲ್ಲವನ್ನೂ ಫ್ಲಾಪಿಗೆ ತುಂಬಿಕೊಂಡು ಹೋಗಬಹುದಿತ್ತು.

ಸದಸ್ಯರ ಸಭೆ ಕರೆದರು. ಎಲ್ಲರೂ ಕೆಂಡವಾಗಿದ್ದರು. ಸಂಘದ ವಕೀಲರು ಅಧ್ಯಕ್ಷರ ಕಿವಿಯಲ್ಲಿ, "ಆಪರೇಟರ್ ಹುಡುಗಿ ತಪ್ಪು ಅಂದ್ಬಿಡಿ ಸಾರ್. ಇಲ್ಲಾಂದ್ರೆ ಕೇಸು ನಿಮ್ಮ ತಲೆಗೇ ಬರುತ್ತೆ" ಎಂದದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಆಪರೇಟರ್ ಶಶಿಕಲಾ ಬಾಗಿಲ ಬಳಿ ಅಳುಮೋರೆ ಹಾಕಿಕೊಂಡು ನಿಂತಿದ್ದಳು.

ಅಧ್ಯಕ್ಷರು ಎದ್ದು ಮೈಕ್ ಹಿಡಿದರು. "ಪಾಸ್‌ವರ್ಡ್‌ಗೆ ನನ್ನ ಹೆಸರೇ ಇರ್ಲಿ ಅಂತ ಹಠ ಹಿಡಿದಿದ್ದು ನಾನು. ಬೇಡ ಅಂತ ಶಶಿಕಲಾ ಹೇಳಿದ್ಲು, ಕೇಳ್ಲಿಲ್ಲ. ಕೇಸ್ ಹಾಕೋರು ನನ್ನ ಮೇಲೇ ಹಾಕಿ."

ಸಭೆ ತಣ್ಣಗಾಯಿತು. ಅಲ್ಲಿಯವರೆಗೆ ಎಲ್ಲರಿಗಿಂತ ಜೋರಾಗಿ ಕೂಗಾಡಿದ್ದ ರುದ್ರಪ್ಪನವರು ಎದ್ದರು.

"ತಪ್ಪು ನಂದು ಅನ್ನೋ ಅಧ್ಯಕ್ಷರನ್ನ ಇವತ್ತೇ ನೋಡಿದ್ದು ಮಾರಾಯ್ರೆ. ನಿಮ್ಮ ಮೇಲೆ ಕೇಸು ಬೇಡ, ಆ ದಲ್ಲಾಳಿ ಮೇಲೆ ಹಾಕಿ. ಆದ್ರೆ ಸ್ವಲ್ಪ ತಡೀರಿ. ಅವನು ತೋರಿಸಿದ ಹೊಳಲೂರಿನ ಹುಡುಗ ನಮ್ಮ ಮಗಳಿಗೆ ಒಪ್ಪಿಗೆಯಾಗಿದಾನೆ, ನಿಶ್ಚಿತಾರ್ಥ ಮುಗೀಲಿ."

ಶಶಿಕಲಾಳೂ ಸೇರಿ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು.

ಆ ನಿಶ್ಚಿತಾರ್ಥಕ್ಕೆ ಕರೆಯಲು ರುದ್ರಪ್ಪನವರಿಂದ ನಮ್ಮನೆಗೂ ಫೋನ್ ಬಂತು. ಅವರಿಗೆ ನಾನಂತೂ ನಂಬರ್ ಕೊಟ್ಟಿರಲಿಲ್ಲ. ಯಾರು ಕೊಟ್ಟರು ಅಂತ ಕೇಳೋಕೆ ಹೋಗಲಿಲ್ಲ.