ತಟ್ಟೆ ಹಿಡಿದು ಕ್ಯಾಸಂಬಳ್ಳಿಗೆ

ಬಂಗಾರಪೇಟೆಯಲ್ಲಿ ಬೆಳಗಿನ ಮಾರಿಕುಪ್ಪಂ ರೈಲು ಹತ್ತಿದಾಗ ಮಂಜು ಇನ್ನೂ ಹಳಿಗಳ ಮೇಲೆ ಮಲಗಿತ್ತು. ಗಣಿ ನಡೆಯುತ್ತಿದ್ದ ಕಾಲ. ಪಾಳಿಗೆ ಹೊರಟವರು ಬಾಗಿಲಲ್ಲೆಲ್ಲ ನೇತಾಡುತ್ತಿದ್ದರು. ನಾನು ಕಿಟಕಿಗೆ ತಲೆಯಾನಿಸಿ ಅಕ್ಕನ ಮಗಳು ಸರಸಳನ್ನು ನೆನೆಯುತ್ತ ಕೂತಿದ್ದೆ. ಕ್ಯಾಸಂಬಳ್ಳಿಗೆ ಕೊಟ್ಟ ಹುಡುಗಿ. ಗಂಡ ಮುನಿರಾಜ ಹೊಡೆಯುತ್ತಾನೆಂದು ಹೂವಿನವಳ ಬಾಯಲ್ಲಿ ಹೇಳಿ ಕಳಿಸಿದ್ದಳು. ಅವಳು ಹೊಸ್ತಿಲು ದಾಟುವಂತಿರಲಿಲ್ಲ. ಡೈರಿಗೆ ಹಾಲನ್ನೂ ಅವನೇ ಒಯ್ಯುತ್ತಿದ್ದ. ನಮ್ಮ ಹಿರಿಯರು ಹೋಗಿ, ಅವನ ಕೈಯಿಂದಲೇ ಕಾಫಿ ಕುಡಿದು, "ಗಂಡನ ಜೊತೆ ಒಂದ್ಕೊಂಡು ಓಗಮ್ಮ" ಎಂದು ಹೇಳಿ ಬಂದಿದ್ದರು.

ಕೋರಮಂಡಲ್ ದಾಟುವಾಗ ಸೈನೈಡ್ ದಿಬ್ಬಗಳು ಕಂಡವು. ಚಿನ್ನ ತೆಗೆದು ಉಳಿದ ಮಣ್ಣನ್ನು ತಲೆಮಾರುಗಳಿಂದ ಸುರಿದು ಬೆಳೆದ ಗುಡ್ಡಗಳು. ಗಾಳಿ ಎದ್ದರೆ ತುದಿಯಿಂದ ಬಿಳಿ ಧೂಳು ಸೆರಗಿನ ಹಾಗೆ ಹಾರುತ್ತಿತ್ತು. ಇದೇ ನೆಲದ ಕೆಳಗೆ, ಕತ್ತಲಲ್ಲಿ, ಜನ ನಡೆದಾಡುತ್ತಿದ್ದಾರೆಂದು ನೆನೆದರೆ ರೈಲೇ ತೇಲಿದಂತಾಗುತ್ತಿತ್ತು.

ಚಾಂಪಿಯನ್‌ನಲ್ಲಿ ಇಳಿದು, ಹೂವಿನವಳು ಹೇಳಿದ್ದ ಸೆಲ್ವಿಯ ಮನೆ ಕೇಳಿಕೊಂಡು ಹೋದೆ. ಗಣಿ ಕೂಲಿಗಳ ಲೈನು ಮನೆಗಳು. ಒಂದು ಮನೆಯ ಕೆಮ್ಮು ಇನ್ನೊಂದಕ್ಕೆ ಕೇಳುತ್ತದೆ. ಸೆಲ್ವಿ ಅಲ್ಲಿನ ಹೆಂಗಸರ ಸಂಘದವಳು. ಏಟು ತಿಂದು ಬಂದವರಿಗೆಂದು ಅವರು ಒಂದು ಕೋಣೆ ಇಟ್ಟಿದ್ದರು. ಇಡ್ಲಿ ತಿನ್ನಿಸಿ ಕೋಣೆ ತೋರಿಸಿದಳು: ಚಾಪೆ, ಸೀಮೆಎಣ್ಣೆ ಸ್ಟೌ, ನೀರಿನ ಕೊಡ.

"ಇದು ನೋಡಕ್ಕಾ," ಎಂದು ಹೊಸ ಚಿಲಕ ಎಳೆದಳು. "ಒಳಗಿಂದ ಆಕ್ಕೊಳೋದು. ಆಚೆ ಕಡೆ ಬೀಗವೇ ಇಲ್ಲ."

"ಮುನಿರಾಜನ ಜೊತೆ ಜಗಳಕ್ಕೆ ಎಷ್ಟು ಜನ ಬತ್ತೀರಮ್ಮ?" ಎಂದೆ.

"ಅಯ್ಯೋ, ಜಗಳಕ್ಕೆ ಯಾರು ಓಗ್ತಾರೆ? ನಾವು ಊಟಕ್ಕೆ ಓಗೋದು!"

ಲೈನಿನ ಯಾವ ಮನೆಯಲ್ಲಾದರೂ ಏಟಿನ ಸದ್ದು ಕೇಳಿದರೆ ಹೆಂಗಸರೆಲ್ಲ ತಮ್ಮ ತಮ್ಮ ತಟ್ಟೆ ಹಿಡಿದು ಹೋಗಿ ಆ ಮನೆಯ ಜಗುಲಿಯಲ್ಲಿ ಕೂತು ಉಣ್ಣುತ್ತಾರಂತೆ. ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಆ ಮನೆಯವಳು ಬೇಕಾದರೆ ಬಂದು ಜೊತೆಗೆ ಕೂರಬಹುದು.

"ಉಣ್ಣೋರ ಮಧ್ಯೆ ಕೈ ಎತ್ತೋಕೆ ಎಂಥವನಿಗೂ ನಾಚ್ಕೆ ಆಯ್ತದೆ."

"ಆಗದಿದ್ರೆ?"

"ಆಗ ಪೊಲೀಸ್ ಸ್ಟೇಷನ್ನು. ಕಣ್ಣಾರೆ ಕಂಡೋರು ಇಷ್ಟು ಜನ ಇರ್ತೀವಲ್ಲ."

ಅಂದೇ ಸಂಘದ ಹೆಂಗಸರೆಲ್ಲ ಸೇರಿ ರಾಬರ್ಟ್‌ಸನ್‌ಪೇಟೆಯಿಂದ ಕ್ಯಾಸಂಬಳ್ಳಿಯ ಬಸ್ಸು ಹತ್ತಿದೆವು. ಮಡಿಲಲ್ಲಿ ತಟ್ಟೆ, ಕಾಲಡಿ ಬುತ್ತಿ. "ಎಲ್ಲಿ ಮದುವೆನ್ರಮ್ಮ?" ಎಂದ ಕಂಡಕ್ಟರು. "ಮದುವೆ ಆಗೋಗಿದೆ, ಊಟ ಬಾಕಿ!" ಎಂದಳು ಸೆಲ್ವಿ. ನಗು ಬಸ್ಸಿನ ತುಂಬ ಹರಿಯಿತು. ಹೊರಗೆ ರಾಗಿ ಹೊಲಗಳು ಗಾಳಿಗೆ ಒಂದೇ ಉಸಿರಿನಲ್ಲಿ ಬಾಗಿ ಏಳುತ್ತಿದ್ದವು.

ಮುನಿರಾಜನ ಜಗುಲಿಯಲ್ಲಿ ಹೆಂಗಸರು ಸಾಲಾಗಿ ಕೂತು ಬುತ್ತಿ ಬಿಚ್ಚಿದರು. ಅವನು ಹೊರಗೆ ಬಂದ. "ಏನಿದು? ನಮ್ಮನೆ ಏನು ಛತ್ರವಾ?"

"ಛತ್ರದಲ್ಲಾದ್ರೆ ಊಟ ಆಕ್ತಾರಪ್ಪ," ಎಂದಳು ಸೆಲ್ವಿ. "ನಾವೇ ತಂದಿದೀವಿ. ನೀನೂ ತಟ್ಟೆ ತಗೊಂಡು ಬಾ."

ಅವನು ನನ್ನ ಮುಖ ನೋಡಿದ, ಬೀದಿಯಲ್ಲಿ ನಿಂತ ಜನರನ್ನು ನೋಡಿದ, ಬೀಡಿ ಹಚ್ಚಿ ಮೂಲೆಗೆ ಹೋಗಿ ಕೂತ.

ಬಾಗಿಲಲ್ಲಿ ಸರಸ ಕಾಣಿಸಿದಳು, ತಟ್ಟೆ ಎಡಗೈಯಲ್ಲಿ. ಬಲ ಮಣಿಕಟ್ಟು ಊದಿ ಬಳೆಯೆಲ್ಲ ತೆಗೆದಿದ್ದಳು. ಮೆಲ್ಲಗೆ ಬಂದು ನನ್ನ ಪಕ್ಕ ಕೂತಳು. ಮುದ್ದೆ ಮುರಿಯಲು ಆಗಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಇಳಿದು ಬಂದಳು. ಅವಳೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಸರಸಳ ಬಾಯಿಗಿಟ್ಟಳು.

"ಗೋಡೆ ಆಚೆಯಿಂದ ದಿನಾ ಕೇಳ್ತಿದ್ದೆ ಕಣವ್ವ," ಎಂದು ಸೆಲ್ವಿಗೆ ಹೇಳಿದಳು. "ಏನು ಮಾಡಬೇಕೋ ತಿಳೀತಿರಲಿಲ್ಲ."

"ಇನ್ಮೇಲೆ ನೀನೂ ತಟ್ಟೆ ತಗೋ ಪಾಟ್ಟಿ," ಎಂದಳು ಸೆಲ್ವಿ, ಅಜ್ಜಿಯನ್ನು ತಮಿಳಿನಲ್ಲಿ ಕರೆದು.

ಊಟ ಮುಗಿಯಿತು. ಕೈತೊಳೆಯುವ ಬೋರಿಂಗು ಬಸ್ಸು ನಿಲ್ಲುವ ಜಾಗದಲ್ಲೇ ಇತ್ತು. ಎಲ್ಲರೂ ಎದ್ದೆವು, ಸರಸಳೂ ಎದ್ದಳು.

"ನೀನೆಲ್ಲಿಗೆ?" ಎಂದ ಮುನಿರಾಜ.

"ತಟ್ಟೆ ತೊಳೀಬೇಕು."

ಎಂಜಲು ತಟ್ಟೆ ಹಿಡಿದವಳನ್ನು ಹೇಗೆ ತಡೆಯುವುದೆಂದು ಅವನಿಗೆ ತೋಚಲಿಲ್ಲ. ನಾವು ಒಬ್ಬೊಬ್ಬರಾಗಿ ತಟ್ಟೆ ತೊಳೆದೆವು. ಬಸ್ಸು ಬಂದು ನಿಂತಿತು.

"ಬರ್ತೀಯಾ ಕಣ್ಣು?" ಎಂದಳು ಸೆಲ್ವಿ, ತಮಿಳರು ಮಕ್ಕಳನ್ನು ಮುದ್ದಿನಿಂದ ಕರೆಯುವಂತೆ. "ಇವತ್ತಾದ್ರೂ ಸರಿ, ಇನ್ನೊಂದು ದಿನ ಆದ್ರೂ ಸರಿ. ಕೋಣೆ ಅಲ್ಲೇ ಇರುತ್ತೆ."

ಸರಸ ಮನೆ ಕಡೆ ನೋಡಿದಳು. ಹಸು ಕೂಗುತ್ತಿತ್ತು. ತಟ್ಟೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ನಾನೂ ಹಿರಿಯರಂತೆ ಏನಾದರೂ ಹೇಳಿಬಿಡುತ್ತಿದ್ದೆನೇನೋ. ಅವಳು ಸೆರಗಿನಿಂದ ತಟ್ಟೆ ಒರೆಸಿಕೊಂಡು ಬಸ್ಸು ಹತ್ತಿದಳು. ಕಂಡಕ್ಟರು ಬರುವಾಗಿನವನೇ. ಊದಿದ ಕೈ ನೋಡಿ ನಗು ನುಂಗಿಕೊಂಡು, ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟ.

ಸಂಜೆ ರೈಲಿಗೆ ನಾನು ಹೊರಟಾಗ ಸರಸ ಕೋಣೆಯ ಬಾಗಿಲವರೆಗೂ ಬಂದಳು. "ಉಸಾರಾಗಿ ಓಗು ಚಿಕ್ಕಮ್ಮ," ಎಂದಳು. ನನಗೇ ಹೇಳುತ್ತಾಳೆ ನೋಡಿ! ಚಿಲಕ ಬಿದ್ದ ಸದ್ದು ಕೇಳುವವರೆಗೂ ಹೊರಗೆ ನಿಂತಿದ್ದು, ಆಮೇಲೆ ನಡೆದೆ. ಲೈನಿನ ತಿರುವಿನಲ್ಲಿ ಹಿಂತಿರುಗಿ ನೋಡಿದರೆ ದಿಬ್ಬಗಳ ಮೇಲೆ ಕೊನೆಯ ಬಿಸಿಲು. ಸೆಲ್ವಿಯ ಗೋಡೆಗೆ ಒರಗಿಸಿಟ್ಟ ತಟ್ಟೆಗಳ ಸಾಲಿನಲ್ಲಿ ಕ್ಯಾಸಂಬಳ್ಳಿಯ ತಟ್ಟೆಯೂ ಒಣಗುತ್ತಿತ್ತು.